ಮಗಳಿಗೊಂದು ಪತ್ರ: ಮುಸೋಮದ ಮೊದಲ ಏಳು ದಿನ

ಪ್ರೀತಿಯ ಪುಟ್ಟಿ,

ಈ ಪತ್ರವನ್ನು ನಿನ್ನ ಬೈಬಲ್ಲಿನೊಳಗೆ ಇಟ್ಟಿದ್ದೇನೆ, ಸಿಸ್ಟರ್ ಆಗಿ ಸೇವೆಗೆ ಹೊರಟಿರುವ ನಿನಗೆ ತಾಂಜಾನಿಯಾದ ಮುಸೋಮ ಊರು ತಲುಪಿದ ದಿನವೇ ಕೈಗೆ ಸಿಗಲಿ ಅಂತ. ಬಟ್ಟೆ ತುಂಬಿದ್ದ ಪ್ಲಾಸ್ಟಿಕ್ ಕವರುಗಳನ್ನೆಲ್ಲ ತೆಗೆದು ಬಟ್ಟೆಯ ಚೀಲಗಳಿಗೆ ಹಾಕಿದ್ದೇಕೆ ಅಂತ ಕೇಳಿದ್ದೆಯಲ್ಲ, ತಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಇದೆ. ಅಲ್ಲಿ ಅಂಗಡಿಗೆ ಹೋಗುವಾಗಲೂ ಒಂದು ಬಟ್ಟೆ ಚೀಲ ಕೈಯಲ್ಲಿರಲಿ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಾರ ನೀನು ಯಾರಿಗೂ ಸೇವೆ ಮಾಡಬೇಕಾಗಿಲ್ಲ. ನೀರು ಎಲ್ಲಿಂದ ತರುವುದು, ಬಟ್ಟೆ ಎಲ್ಲಿ ಒಣಗಿಸುವುದು, ಯಾರಿಗೆ ಹೇಗೆ ನಮಸ್ಕಾರ ಹೇಳುವುದು, ಇದಿಷ್ಟನ್ನು ಅಲ್ಲಿನವರಿಂದ ಕೇಳಿ ಕಲಿಯುವ ವಾರ ಇದು. ಬಂದ ಮಾರನೇ ದಿನವೇ ಶಾಲೆಯ ಲೆಕ್ಕ, ಮಕ್ಕಳ ಟ್ಯೂಷನ್ ಅಂತ ಮೈಮೇಲೆ ಹಾಕಿಕೊಳ್ಳಬೇಡ. ಅಲ್ಲಿನವರ ಮಾತಾದ ಸ್ವಾಹಿಲಿ ಕಲಿಸುವ ಮಕೋಕೋ ಭಾಷಾ ಶಾಲೆಯಲ್ಲಿ ಪಾಠ ಶುರುವಾಗುವ ತನಕ ನಿನ್ನ ಕೆಲಸ ಒಂದೇ, ನೋಡುವುದು, ಕೇಳುವುದು.

ಮೊದಲು ನಿದ್ದೆಯ ವಿಚಾರ. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಐದೂವರೆಗೆ ಏಳುವ ನಿನಗೆ ಅಲ್ಲಿ ಮೂರು ಗಂಟೆಗೇ ಎಚ್ಚರವಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಕಣ್ಣು ಎಳೆಯುತ್ತದೆ. ಏಳು ಗಂಟೆಗೆ ಮಲಗಿಬಿಟ್ಟರೆ ಆ ಚಕ್ರ ತಪ್ಪುವುದಿಲ್ಲ. ಒಂಬತ್ತರವರೆಗೆ ಹೇಗಾದರೂ ಕೂತಿರು, ಸಂಜೆ ಬೆಳಕಿನಲ್ಲಿ ಒಂದು ಸುತ್ತು ನಡೆದು ಬಾ, ಮಧ್ಯಾಹ್ನ ಮಲಗಿದರೆ ಅರ್ಧ ಗಂಟೆಗೆ ಅಲಾರಂ ಇಡು. ನಾಲ್ಕೈದು ದಿನಕ್ಕೆ ಸರಿಹೋಗುತ್ತದೆ.

ಗಡಿಯಾರ ಅಂದೆನಲ್ಲ, ಅಲ್ಲಿ ಹೊಸಬರೆಲ್ಲ ಎಡವುವುದು ಇಲ್ಲೇ. ಸ್ವಾಹಿಲಿಯಲ್ಲಿ ಹೊತ್ತನ್ನು ನಡುರಾತ್ರಿಯಿಂದ ಎಣಿಸುವುದಿಲ್ಲ. ನಮ್ಮ ಪಂಚಾಂಗದಲ್ಲಿ ಸೂರ್ಯೋದಯದಿಂದ ಗಳಿಗೆ ಎಣಿಸುತ್ತಾರಲ್ಲ, ಹಾಗೆ. ಸಮಭಾಜಕದ ಹತ್ತಿರದ ಊರು, ವರ್ಷವಿಡೀ ಹಗಲು ಹನ್ನೆರಡು ಗಂಟೆ, ರಾತ್ರಿ ಹನ್ನೆರಡು ಗಂಟೆ. ಹಾಗಾಗಿ ಬೆಳಗ್ಗೆ ಏಳು ಅಂದರೆ 'ಸಾ ಮೋಜಾ', ಒಂದನೇ ಗಂಟೆ. ಒಂಬತ್ತು ಅಂದರೆ 'ಸಾ ತಾತು', ಮೂರನೇ ಗಂಟೆ. ಮಧ್ಯಾಹ್ನ ಹನ್ನೆರಡು 'ಸಾ ಸೀತಾ', ಆರು. ಉಪಾಯ ಸುಲಭ: ಗಂಟೆಯ ಮುಳ್ಳು ತೋರಿಸುವ ಅಂಕಿಯ ನೇರ ಎದುರಿಗಿರುವ ಅಂಕಿ ಓದು. ಏಳರ ಎದುರು ಒಂದು, ಒಂಬತ್ತರ ಎದುರು ಮೂರು. ಪೂಜೆ ಸಾ ಮೋಜಾಕ್ಕೆ ಅಂತ ಯಾರಾದರೂ ಹೇಳಿದರೆ ಅದು ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ ಹೋಗಿ ನಿಂತೀಯ. ನಿನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುವವರು ಕೆಲವೊಮ್ಮೆ ನಮ್ಮ ಲೆಕ್ಕದಲ್ಲೇ ಹೇಳುತ್ತಾರೆ, ಅದರಿಂದಲೇ ಗೊಂದಲ ಜಾಸ್ತಿ. ಬಸ್ಸಿನ ಹೊತ್ತು ಕೇಳಿದಾಗಲೆಲ್ಲ 'ಬೆಳಗ್ಗೆಯೋ ಸಂಜೆಯೋ, ಯಾವ ಲೆಕ್ಕ' ಅಂತ ಎರಡನೇ ಸಲ ಕೇಳು.

ನಮಸ್ಕಾರದ ವಿಷಯದಲ್ಲಿ ಮಾತ್ರ ಅವಸರ ಮಾಡಲೇಬೇಡ ಕಂದ. ದಾರಿಯಲ್ಲಿ ಕಂಡವರನ್ನು ದಾಟಿಕೊಂಡು ಹೋದರೆ ಅದು ಅಲ್ಲಿ ಅಹಂಕಾರ. ನಿನಗಿಂತ ಹಿರಿಯರಿಗೆ 'ಶಿಕಮೋ' ಅನ್ನು, ಅವರು 'ಮರಹಬಾ' ಅನ್ನುತ್ತಾರೆ. ಮಕ್ಕಳು ನಿನಗೆ ಶಿಕಮೋ ಅಂದಾಗ ಮರಹಬಾ ಅನ್ನಬೇಕಾದವಳು ನೀನು. ಓರಗೆಯವರಿಗೂ ಕಿರಿಯರಿಗೂ ಶಿಕಮೋ ಸಲ್ಲ. ಅವರಿಗೆ 'ಹಬಾರಿ', ಏನು ಸಮಾಚಾರ ಅಂತ. ಅದೂ ಒಂದೇ ಪ್ರಶ್ನೆಗೆ ಮುಗಿಯುವುದಿಲ್ಲ: ಬೆಳಗಿನ ಸಮಾಚಾರ, ಮನೆಯದು, ಕೆಲಸದ್ದು, ಪ್ರಯಾಣದ್ದು. ಎಲ್ಲಕ್ಕೂ ಉತ್ತರ 'ನ್ಜೂರಿ', ಚೆನ್ನಾಗಿದೆ. ಮನೆಯಲ್ಲಿ ಕಾಯಿಲೆಯವರಿದ್ದರೂ ಮೊದಲು ನ್ಜೂರಿ, ಕಷ್ಟದ ಮಾತು ಆಮೇಲೆ. ಇದನ್ನು ಸುಳ್ಳು ಅಂದುಕೊಳ್ಳಬೇಡ, ಮಾತಿಗೆ ಬಾಗಿಲು ತೆಗೆಯುವ ರೀತಿ ಅದು. ಒಬ್ಬರ ಮನೆ ಮುಂದೆ ನಿಂತು 'ಹೋದಿ' ಅನ್ನು, ಒಳಗಿಂದ 'ಕರೀಬು' ಅಂದ ಮೇಲೆಯೇ ಹೊಸ್ತಿಲು ದಾಟು.

ಇನ್ನೊಂದು ಪದ 'ಪೋಲೆ'. ಪುಸ್ತಕಗಳಲ್ಲಿ ಇದಕ್ಕೆ ಕ್ಷಮಿಸಿ ಅಂತ ಅರ್ಥ ಕೊಟ್ಟಿರುವುದು ಉಂಟು, ಅದು ತಪ್ಪುದಾರಿ. ನಿನ್ನಿಂದ ತಪ್ಪಾದರೆ 'ಸಮಹಾನಿ' ಅನ್ನಬೇಕು. ಪೋಲೆ ಅನ್ನುವುದು ಇನ್ನೊಬ್ಬರ ಕಷ್ಟ ಕಂಡಾಗ. ಎಡವಿದವರಿಗೆ, ಜ್ವರದವರಿಗೆ, ಸಾವಿನ ಮನೆಯವರಿಗೆ, ಹೊಲದಲ್ಲಿ ಗುದ್ದಲಿ ಹಿಡಿದವರಿಗೂ 'ಪೋಲೆ ನ ಕಾಜಿ'. ಪ್ರಯಾಣ ಮಾಡಿ ಬಂದ ನಿನಗೂ ಮೊದಲ ದಿನ ಎಲ್ಲರೂ 'ಪೋಲೆ ನ ಸಫಾರಿ' ಅನ್ನುತ್ತಾರೆ. ಅದಕ್ಕೆ 'ಅಸಾಂತೆ', ಧನ್ಯವಾದ, ಅಂತ ಹೇಳಿದರೆ ಸಾಕು. ಈ ಐದಾರು ಪದ ಸರಿಯಾದ ಹೊತ್ತಿಗೆ ಬಂದರೆ ವ್ಯಾಕರಣ ಬಾರದಿದ್ದರೂ ಜನ ನಿನ್ನನ್ನು ಹತ್ತಿರ ಕೂರಿಸಿಕೊಳ್ಳುತ್ತಾರೆ. ಚರ್ಚಿನವರು ಎದುರಾದರೆ 'ತುಮ್ಸೀಫು ಯೇಸು ಕ್ರಿಸ್ತೊ', ಯೇಸು ಕ್ರಿಸ್ತನನ್ನು ಸ್ತುತಿಸೋಣ ಅಂತ. ಉತ್ತರ 'ಮಿಲೇಲೆ ನ ಮಿಲೇಲೆ', ಎಂದೆಂದಿಗೂ.

ಭಾಷೆಗೆ ಹೆದರಬೇಡ. ಕನ್ನಡದವರ ನಾಲಿಗೆಗೆ ಅದು ಒಗ್ಗುತ್ತದೆ. ಪದಗಳು ಬಹುತೇಕ ನಮ್ಮ ಹಾಗೆ ಸ್ವರದಲ್ಲೇ ಮುಗಿಯುತ್ತವೆ, ಬರೆದ ಹಾಗೇ ಓದುವುದು. ಒತ್ತು ಮಾತ್ರ ಸಾಮಾನ್ಯವಾಗಿ ಕೊನೆಯಿಂದ ಎರಡನೇ ಅಕ್ಷರಕ್ಕೆ. ನಾವು ಬಹುವಚನಕ್ಕೆ ಪದದ ಬಾಲಕ್ಕೆ 'ಗಳು' ಸೇರಿಸಿದರೆ ಅವರು ತಲೆ ಬದಲಿಸುತ್ತಾರೆ: ಒಂದು ಪುಸ್ತಕ ಕಿತಾಬು, ಹಲವಾದರೆ ವಿತಾಬು. ಮಗು ಮ್ತೋತೊ, ಮಕ್ಕಳು ವತೋತೊ. ಹೊಸ ಪದ ಕಲಿಯುವಾಗ ಎರಡನ್ನೂ ಒಟ್ಟಿಗೇ ಬರೆದುಕೋ, ಇಲ್ಲದಿದ್ದರೆ ಆಮೇಲೆ ಎರಡು ಸಲ ಕಲಿಯಬೇಕಾಗುತ್ತದೆ. 'ಮ್ಹಿಂದಿ' ಅಂತ ಕೂಗಿದರೆ ಬೇಸರ ಬೇಡ, ಭಾರತದವಳು ಅಂತ ಅಷ್ಟೇ.

ಈಗ ಬಟ್ಟೆ. ಇದನ್ನು ಎರಡು ಸಲ ಓದು. ಆ ಕಡೆ ಮಾವಿನ ನೊಣ ಅಂತ ಕರೆಯುವ ಒಂದು ನೊಣ ಇದೆ. ನೆರಳಿನಲ್ಲಿ ಹರವಿದ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಬಟ್ಟೆ ಒಣಗಿದರೂ ಮೊಟ್ಟೆ ಸಾಯುವುದಿಲ್ಲ. ಒಂದೆರಡು ದಿನದಲ್ಲಿ ಮರಿ ಹೊರಬಂದು, ಬಟ್ಟೆ ತೊಟ್ಟಾಗ ಮೈಯ ಬಿಸಿಗೆ ಚರ್ಮದೊಳಗೆ ಸೇರುತ್ತದೆ. ಆಮೇಲೆ ಕುರುವಿನ ಹಾಗೆ ಕೆಂಪಗೆ ಊದಿ, ನಡುವೆ ಒಂದು ಸಣ್ಣ ಚುಕ್ಕಿ ಕಾಣುತ್ತದೆ. ಅದಕ್ಕೇ ಅಲ್ಲಿ ಎಲ್ಲವನ್ನೂ ಇಸ್ತ್ರಿ ಮಾಡುವುದು. ಅಂದಕ್ಕೆ ಅಂತ ತಿಳಿದು ಒಳಬಟ್ಟೆ, ಟವೆಲು, ಹಾಸಿಗೆ ವಸ್ತ್ರ ಬಿಟ್ಟುಬಿಡಬೇಡ. ನೊಣಕ್ಕೆ ಬೇಕಾಗಿರುವುದು ಅವೇ, ಯಾಕೆಂದರೆ ಸಂಕೋಚಕ್ಕೆ ಒಳಬಟ್ಟೆಯನ್ನು ನಾವು ನೆರಳಲ್ಲೇ ಮರೆಮಾಡಿ ಒಣಗಿಸುತ್ತೇವೆ. ಎರಡೂ ಮಗ್ಗುಲು ಇಸ್ತ್ರಿ ಎಳೆ, ಹೊಲಿಗೆಯ ಅಂಚು, ಸೊಂಟದ ಪಟ್ಟಿ, ಜೇಬಿನ ಮಡಿಕೆಯ ಮೇಲೆ ಒಂದು ಕ್ಷಣ ಒತ್ತಿ ಹಿಡಿ. ಕರೆಂಟಿಲ್ಲದ ದಿನ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಸಿಕ್ಕರೆ ಕಿಡಿ ಬೀಳದಂತೆ ಮೇಲೊಂದು ತೆಳು ಬಟ್ಟೆ ಹಾಕಿಕೋ. ಬಟ್ಟೆಯನ್ನು ನೆಲದ ಮೇಲೆ, ಹುಲ್ಲಿನ ಮೇಲೆ ಹರವಲೇಬೇಡ, ಖಾರ ಬಿಸಿಲಿನಲ್ಲಿ ತಂತಿಗೆ ಹಾಕು. ಹಾಗೂ ಕುರು ಬಂದರೆ ಹಿಂಡಬೇಡ, ಮರಿ ಒಳಗೇ ಒಡೆದು ಕೀವಾಗುತ್ತದೆ. ವ್ಯಾಸಲಿನ್ ದಪ್ಪಗೆ ಹಚ್ಚಿ ಉಸಿರು ಕಟ್ಟಿಸಿದರೆ ಅದು ಮೇಲೆ ಬರುತ್ತದೆ. ತೆಗೆಯುವ ಕೆಲಸ ದವಾಖಾನೆಯವರಿಗೆ ಬಿಡು.

ಸೊಳ್ಳೆ ಪರದೆಯನ್ನು ಕತ್ತಲಾಗುವ ಮುಂಚೆಯೇ ಇಳಿಸಿ, ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸು. ಮಲೇರಿಯಾದ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಒಳಗೆ ಕೂತು ಟಾರ್ಚ್ ಹಾಕಿ ತೂತು ಹುಡುಕು, ಇದ್ದರೆ ಸೂಜಿದಾರದಿಂದ ಹೊಲಿ. ನಿದ್ದೆಯಲ್ಲಿ ಮೊಣಕೈ ಪರದೆಗೆ ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ, ಮಧ್ಯದಲ್ಲಿ ಮಲಗು. ಡಾಕ್ಟರು ಬರೆದುಕೊಟ್ಟ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೊಂದು, ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು. ನುಂಗಿ ಅರ್ಧ ಗಂಟೆ ಮಲಗಬೇಡ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಹಾಲು, ಕಬ್ಬಿಣದ ಮಾತ್ರೆ ಅದರ ಜೊತೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುತ್ತದೆ, ತಲೆ ಮುಚ್ಚಿಕೋ. ಮಲೇರಿಯಾ ಕಾಣಿಸಿಕೊಳ್ಳಲು ಕಚ್ಚಿದ ಮೇಲೆ ಕಡಿಮೆ ಅಂದರೂ ಏಳು ದಿನ ಬೇಕು. ಹಾಗಾಗಿ ಈ ವಾರದ ಜ್ವರ ಬೇರೆಯದಿರಬಹುದು, ಆದರೂ ಬೆರಳಿನ ರಕ್ತ ಪರೀಕ್ಷೆ ಮಾಡಿಸದೆ ಕೂರಬೇಡ. ಎರಡನೇ ವಾರದಿಂದ ಯಾವ ಜ್ವರ ಬಂದರೂ ಅದೇ ದಿನ ಪರೀಕ್ಷೆ.

ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಬೇಕು. ಹಲ್ಲುಜ್ಜಲೂ ಅದೇ ನೀರು. ಕುದಿಸಿದ ನೀರಿಗೆ ಲೋಟ ಅದ್ದುವುದರಿಂದಲೇ ಅರ್ಧ ಹೊಟ್ಟೆನೋವು ಬರುವುದು, ಉದ್ದ ಹಿಡಿಯ ಸೌಟು ಬೇರೆ ಇಟ್ಟುಕೋ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಳತೆ ಬೇಡ. ವಿಕ್ಟೋರಿಯಾ ಸರೋವರ ಎಷ್ಟೇ ಚೆನ್ನಾಗಿ ಕಂಡರೂ ಕಾಲು ಇಳಿಬಿಡಬೇಡ. ದಡದ ಬಸವನಹುಳುಗಳಿಂದ 'ಕಿಚೋಚೊ' ರೋಗದ ಹುಳು ಚರ್ಮದ ಮೂಲಕ ಒಳಗೆ ಹೋಗುತ್ತದೆ.

ಊಟಕ್ಕೆ ನೀನು ಅಷ್ಟು ಕಷ್ಟಪಡುವುದಿಲ್ಲ. ಉಗಾಲಿ ಅಂದರೆ ಜೋಳದ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಬಲಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರಲ್ಲಿ ಪಲ್ಯ ತೋಡಿಕೊಂಡು ತಿನ್ನುವುದು. ನಮ್ಮ ಮುದ್ದೆಯ ಹಾಗೆ ನುಂಗಬೇಡ, ಇದನ್ನು ಅಗಿಯಬೇಕು. 'ಮ್ಚಿಚಾ' ಅಂದರೆ ನಮ್ಮ ದಂಟಿನ ಸೊಪ್ಪಿನ ಜಾತಿ. ಬೆಳಗ್ಗೆ ಕೊಡುವ ಗಂಜಿ 'ಊಜಿ'. 'ಊಜಿ ವಾ ಉಲೇಜಿ' ಅಂತ ಯಾರಾದರೂ ಹೇಳಿದರೆ ಕಣ್ಣುಮುಚ್ಚಿ ತಗೋ, ಉಲೇಜಿ ಅಂದರೆ ರಾಗಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದದ್ದು. ಖಾರ ಕಡಿಮೆ ಅನ್ನಿಸುತ್ತದೆ. ಉಪ್ಪಿನಕಾಯಿ ಬಾಟಲು ಇಟ್ಟಿದ್ದೇನೆ, ಆದರೆ ಮೊದಲ ಮೂರು ದಿನ ಮೇಜಿನ ಮೇಲೆ ತರಬೇಡ. ಅಡಿಗೆ ಮಾಡಿದವರ ಕೈರುಚಿ ಮೊದಲು ತಿಂದು ನೋಡು, ಆಮೇಲೆ ಎಲ್ಲರಿಗೂ ಹಂಚು.

ಭಾನುವಾರದ ಪೂಜೆ ಎರಡು ಗಂಟೆ ದಾಟಬಹುದು, ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗು. ಕಾಣಿಕೆಯನ್ನು ತಟ್ಟೆ ಹಿಡಿದು ತರುವುದಿಲ್ಲ, ಎದ್ದುಹೋಗಿ ಬುಟ್ಟಿಗೆ ಹಾಕಬೇಕು, ಒಂದಕ್ಕಿಂತ ಹೆಚ್ಚು ಸಲವೂ ಇರುತ್ತದೆ. ಚಿಲ್ಲರೆ ಇಟ್ಟುಕೋ. ಮಕ್ಕಳ ಫೋಟೋ ಹೆತ್ತವರನ್ನು ಕೇಳದೆ ತೆಗೆಯಬೇಡ. ಕೈಯೊಡ್ಡಿದವರಿಗೆ ಈ ವಾರ ದುಡ್ಡು ಕೊಡಬೇಡ. ಯಾರ ಕಷ್ಟ ಏನು ಅಂತ ನಿನಗಿನ್ನೂ ಗೊತ್ತಿಲ್ಲ, ಕಾನ್ವೆಂಟಿನ ಮುಖ್ಯಸ್ಥೆ ಸುಪೀರಿಯರ್ ಸಿಸ್ಟರಿಗೆ ಗೊತ್ತಿರುತ್ತದೆ.

ನಾಲ್ಕನೆಯದೋ ಐದನೆಯದೋ ದಿನ ಅಳು ಬರುತ್ತದೆ. ಹೊಸತನದ ಉತ್ಸಾಹ ಇಳಿದು, ನಿದ್ದೆ ಇನ್ನೂ ಕೂಡಿರದೆ, ಇಡೀ ದಿನ ಅರ್ಥವಾಗದ ಮಾತು ಕೇಳಿ ತಲೆ ದಣಿದಿರುವ ದಿನ ಅದು. ದೇವಕರೆಯ ಬಗ್ಗೆ ಅಂಥ ದಿನ ತೀರ್ಮಾನ ಮಾಡಕೂಡದು. ಸ್ನಾನ ಮಾಡಿ, ಉಂಡು, ಜಪಮಾಲೆ ಹೇಳಿ ಬೇಗ ಮಲಗು. ಜೊತೆಯ ಸಿಸ್ಟರ್ ಒಬ್ಬರಿಗಾದರೂ ಹೇಳು. ನಮಗೆ ಗಂಟೆಗೊಮ್ಮೆ ಮೆಸೇಜು ಹಾಕುತ್ತಾ ಕೂತರೆ ನಿನ್ನ ಮನಸ್ಸು ಇಲ್ಲೇ ಉಳಿಯುತ್ತದೆ, ನನಗೆ ಎಷ್ಟೇ ಆಸೆ ಇದ್ದರೂ ಅದು ಬೇಡ.

ಬುಧವಾರ, ಭಾನುವಾರ ಫೋನ್ ಮಾಡು, ನಿನ್ನ ಸಂಜೆ ಐದೂವರೆಗೆ. ನಮಗೆ ಆಗ ರಾತ್ರಿ ಎಂಟು. ಅಲ್ಲಿನವರ ಲೆಕ್ಕದಲ್ಲಿ ಅದು 'ಸಾ ಕುಮಿ ನ ಮೋಜಾ ನ ನುಸು', ಹನ್ನೊಂದೂವರೆ. ಅಪ್ಪ ಫೋನ್ ತೆಗೆದಾಗ ಮೊದಲು ಶಿಕಮೋ ಅನ್ನು. ಮರಹಬಾ ಅನ್ನುವುದನ್ನು ಅವರು ಎರಡು ದಿನದಿಂದ ಅಭ್ಯಾಸ ಮಾಡುತ್ತಿದ್ದಾರೆ.

ನಿನ್ನ ಅಮ್ಮ