‘ಇಲ್ಲ’ ಎಂದ ಮೇಲೆ ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಐವಿಎಫ್ ಚಿಕಿತ್ಸೆಯ ಬಗ್ಗೆ ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನದ ಕೊನೆಯಲ್ಲಿ, ‘ಮನಸ್ಸು ನಿರಾಳವಾಗಿದ್ದರೆ ಗರ್ಭ ತಾನಾಗಿಯೇ ನಿಲ್ಲುತ್ತದೆ’ ಎಂಬ ಸಲಹೆ ಇತ್ತು. ಸಂತಾನ ಚಿಕಿತ್ಸಾ ಕೇಂದ್ರವೊಂದರಲ್ಲಿ ಬಹುಕಾಲ ಶುಶ್ರೂಷಕಿಯಾಗಿದ್ದ ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಗರ್ಭ ನಿಲ್ಲದವಳಿಗೆ ಮಾತ್ರ ತಪ್ಪೆಲ್ಲ ತನ್ನ ಮನಸ್ಸಿನದೇ ಎಂದು ಕೇಳಿಸುತ್ತದೆ.

ಈ ಸಲಹೆಗೆ ಗಟ್ಟಿ ಆಧಾರವೂ ಇಲ್ಲ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 14 ಅಧ್ಯಯನಗಳನ್ನು, 3,583 ಮಹಿಳೆಯರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಚಿಕಿತ್ಸೆಗೆ ಮುಂಚಿನ ಆತಂಕ, ಖಿನ್ನತೆಗಳಿಂದ ಆ ಸುತ್ತಿನಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಕುಗ್ಗಿದ್ದು ಕಾಣಲಿಲ್ಲ. ಮನಸ್ಸಿಗೆ ಆರೈಕೆ ಬೇಕು, ನಿಜ. ನೊಂದಿದೆ ಎಂಬ ಕಾರಣಕ್ಕೇ ಬೇಕು, ಫಲಿತಾಂಶದ ಆಸೆಗಲ್ಲ.

ಭ್ರೂಣ ವರ್ಗಾವಣೆಯ ನಂತರ ರಕ್ತಪರೀಕ್ಷೆಗೆ ಕಾಯುವ ಸುಮಾರು ಎರಡು ವಾರಗಳನ್ನೇ ನೋಡಿ. ಗರ್ಭಕ್ಕೆ ಆಸರೆಯಾಗಲೆಂದು ಕೊಡುವ ಪ್ರೊಜೆಸ್ಟರಾನ್ ಔಷಧಿಯಿಂದ ಎದೆ ಬಿಗಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಮುಟ್ಟು ಮುಂದೆ ಹೋಗುವುದೂ ಉಂಟು. ಬಸಿರಿನ ಮೊದಲ ಲಕ್ಷಣಗಳೂ ಅವೇ. ಹೀಗಿರುವಾಗ ಯಾರು ತಾನೇ ನಿರಾಳವಾಗಿರುತ್ತಾರೆ? ‘ಬೀಟಾ ನೆಗೆಟಿವ್’, ಅಂದರೆ ರಕ್ತಪರೀಕ್ಷೆಯಲ್ಲಿ ಗರ್ಭ ಕಂಡಿಲ್ಲ ಎಂದು ಫೋನಿನಲ್ಲಿ ತಿಳಿಸುವ ಕೆಲಸ ಹಲವು ಬಾರಿ ನನ್ನ ಪಾಲಿಗೆ ಬರುತ್ತಿತ್ತು. ‘ಸಿಸ್ಟರ್, ಮೆಟ್ಟಿಲು ಹತ್ತಿದ್ದಕ್ಕೆ ಹೀಗಾಯಿತೇ? ಅವತ್ತು ಜೋರಾಗಿ ಸೀನಿದೆ, ಅದಕ್ಕೋ?’ ಅಲ್ಲವೆಂದು ಬಿಡಿಸಿ ಹೇಳುವಷ್ಟು ಪುರುಸೊತ್ತನ್ನೂ ನಮಗೆ ಕೊಟ್ಟಿರಲಿಲ್ಲ. ಮುಂದಿನ ಸುತ್ತು ಯಾವಾಗ ಎಂದು ಕೇಳಿ ಬರೆದುಕೊಳ್ಳಬೇಕಿತ್ತು.

ಗಂಡಂದಿರನ್ನಂತೂ ಮಾತನಾಡಿಸುವವರೇ ಇಲ್ಲ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಆದರೂ ತೊಡೆಯ ಮೇಲೆ ಫೈಲು ಇಟ್ಟುಕೊಂಡು, ವರದಿಯ ಮೂಲೆಯನ್ನು ಮಡಿಸುತ್ತ ಬಿಡಿಸುತ್ತ ಕುಳಿತವನಿಗೆ ನಾವು ಕೇಳುವುದು ಹೆಸರು, ವಯಸ್ಸು. ಆಮೇಲೆ ವೀರ್ಯದ ಮಾದರಿಗೆಂದು ಡಬ್ಬಿ ಕೈಗಿಡುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಬಂಜೆತನದ ಸಮಸ್ಯೆ ಎದುರಿಸುತ್ತಾರೆ. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘದ 2015ರ ಮಾರ್ಗಸೂಚಿಯು ಮನಸ್ಸಿನ ಆರೈಕೆ ಚಿಕಿತ್ಸೆಗೆ ಮುನ್ನ, ನಡುವೆ, ಆನಂತರವೂ ಇರಬೇಕು ಎನ್ನುತ್ತದೆ. ನಾನು ಕಂಡಂತೆ ಕೈಬಿಟ್ಟುಹೋಗುವುದು ಈ ‘ಆನಂತರ’ವೇ. ಫಲಿತಾಂಶ ‘ಇಲ್ಲ’ ಎಂದು ಬಂದ ವಾರದೊಳಗೆ ಇಬ್ಬರನ್ನೂ ಕೂರಿಸಿ ಮಾತನಾಡಿಸಲು ಆಪ್ತಸಮಾಲೋಚಕರೊಬ್ಬರು ಬೇಕು. ಅವರು ಮುಂದಿನ ಸುತ್ತಿಗೆ ಒಪ್ಪಿಸುವ ಕೆಲಸಕ್ಕೆ ನೇಮಕಗೊಂಡವರಾಗಿರಬಾರದು. ಚಿಕಿತ್ಸೆಯನ್ನು ನಿಲ್ಲಿಸುವುದೂ ಒಂದು ದಾರಿ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಬೇಕು.

ನಿಮ್ಮ ಪುರವಣಿಯಲ್ಲಿ ಮಗುವನ್ನು ಎತ್ತಿಕೊಂಡು ನಗುವ ದಂಪತಿಗಳ ಚಿತ್ರಗಳು ಧಾರಾಳವಾಗಿ ಬರುತ್ತವೆ, ಬರಲಿ. ಚಿಕಿತ್ಸೆ ಕೈಗೂಡದೆ ಅಲ್ಲಿಗೇ ನಿಲ್ಲಿಸಿದವರನ್ನೂ ನಿಮ್ಮ ವರದಿಗಾರರು ಒಮ್ಮೆ ಮಾತನಾಡಿಸಲಿ.

ಇತಿ,
ನಿವೃತ್ತ ಶುಶ್ರೂಷಕಿ