ಹೊಸ ಆಂಬ್ಯುಲೆನ್ಸಿಗೆ ಯುಗಾದಿಯೊಳಗೆ ದೇಣಿಗೆ: ಸದ್ಭಕ್ತರಲ್ಲಿ, ದಾನಿಗಳಲ್ಲಿ ಶ್ರೀಮಠದ ಸೇವಾ ಟ್ರಸ್ಟಿನ ಮನವಿ

ಊರಿನ, ಪರಊರಿನ ಎಲ್ಲ ಸದ್ಭಕ್ತರಿಗೆ ಶರಣು ಶರಣಾರ್ಥಿ.

ನಮ್ಮ ಬಿಳಿ ವ್ಯಾನು ನಿಮಗೆಲ್ಲ ಗೊತ್ತಿರುವುದೇ. ಗಂಗಾವತಿ, ಕಾರಟಗಿ, ಕನಕಗಿರಿ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಅದಕ್ಕೆ ‘ಮಠದ ಗಾಡಿ’ ಎಂದೇ ಹೆಸರು. ಅದರ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಪತ್ರ, ಯುಗಾದಿ ಹೊತ್ತಿಗೆ ಮುಗಿಯುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ವರ್ಷಾ ಎಫ್‌ಸಿ ಮಾಡಿಸಲೇಬೇಕು. ಹೋದ ವರ್ಷ ತಳಕ್ಕೆ ವೆಲ್ಡಿಂಗ್ ಹೊಡೆಸಿ, ಬಣ್ಣ ಬಳಿಸಿ ಪಾಸು ಮಾಡಿಸಿದೆವು. ಈ ಸಲ ಗ್ಯಾರೇಜಿನವರು ಸ್ಟ್ರೆಚರ್ ಕೂರುವ ಜಾಗದಲ್ಲೇ ತಗಡಿಗೆ ಸ್ಕ್ರೂಡ್ರೈವರ್ ಚುಚ್ಚಿ ತೋರಿಸಿದರು. ಆಚೆಗೆ ಬಂತು. “ಇನ್ ಇದರ ಮ್ಯಾಲ ಬೆಸುಗೆ ನಿಲ್ಲಂಗಿಲ್ರೀ” ಅಂದರು.

ಅಷ್ಟೇ ಆಗಿದ್ದರೆ ಇಷ್ಟು ಅವಸರದಲ್ಲಿ ಬರೆಯುತ್ತಿರಲಿಲ್ಲ. ಕಾರ್ತಿಕದಲ್ಲಿ ಒಂದು ರಾತ್ರಿ ತಾವರಗೇರಾ ದಾಟಿದ ಮೇಲೆ ಗಾಡಿ ನಿಂತೇಬಿಟ್ಟಿತು. ಒಳಗೆ ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿಲ್ಲದ ಹುಡುಗ, ಗಂಟಲಲ್ಲಿ ಉಸಿರಾಟದ ನಳಿಕೆ. ಕಫ ಬಂದರೆ ಅವನು ಕೆಮ್ಮಿ ತೆಗೆಯಲಾರ, ಸಕ್ಷನ್ ಮಷಿನ್‌ನಿಂದ ಎಳೆಯಬೇಕು. ಆಲ್ಟರ್ನೇಟರ್ ಸುಟ್ಟು ಹೋದದ್ದರಿಂದ ಇಂಜಿನ್, ಇನ್ವರ್ಟರ್, ಮಷಿನ್ ಮೂರೂ ಹಿಂದೆಮುಂದೆ ಆರಿದವು. ನಮ್ಮ ನರ್ಸಮ್ಮ ಸೀಟಿನ ಕೆಳಗಿದ್ದ, ಕಾಲಿನಿಂದ ತುಳಿಯುವ ಪಂಪು ತೆಗೆದರು. ಹುಡುಗನ ಅವ್ವ ಮೊಬೈಲ್ ಬೆಳಕು ಹಿಡಿದರು, ಡ್ರೈವರ್ ತುಳಿದ, ನರ್ಸಮ್ಮ ನಳಿಕೆ ಹಿಡಿದು ಕಫ ಎಳೆದರು. ಕುಷ್ಟಗಿಯಿಂದ 108 ಬರುವ ತನಕ ಹೀಗೇ ನಡೆಯಿತು. ಹುಡುಗ ಈಗ ಮನೆಯಲ್ಲಿದ್ದಾನೆ, ಸಂಕ್ರಾಂತಿಗೆ ಅವನ ಅವ್ವ ಮಠಕ್ಕೆ ಸಜ್ಜೆ ರೊಟ್ಟಿ ಕಟ್ಟಿ ಕಳಿಸಿದ್ದರು. ಆದರೆ ಆ ಗಾಡಿಯಲ್ಲಿ ಅಂಥ ರೋಗಿಯನ್ನು ಮತ್ತೆ ಮಲಗಿಸುವ ಧೈರ್ಯ ನಮಗೆ ಉಳಿದಿಲ್ಲ.

108 ಇದೆಯಲ್ಲ, ಮಠಕ್ಕೆ ಬೇರೆ ಗಾಡಿ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2008ರಲ್ಲಿ 108 ಬಂದ ಮೇಲೆ ನಮ್ಮ ಭಾಗದಲ್ಲಿ ಎಷ್ಟು ಹೆರಿಗೆ, ಎಷ್ಟು ಅಪಘಾತದ ಜೀವ ಉಳಿದಿವೆ ಎಂಬುದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಎದೆನೋವು ಬಂದವರು, ಗಾಡಿ ಡಿಕ್ಕಿಯಾದವರು ಮೊದಲು ಅಲ್ಲಿಗೇ ಫೋನು ಮಾಡಬೇಕು. ನಮ್ಮ ಗಾಡಿ ಇರುವುದು ಎಲ್ಲರಂತೆ ಸ್ಟ್ರೆಚರ್ ಮೇಲೆ ಅಂಗಾತ ಮಲಗಲಾಗದ ದೇಹಗಳಿಗೆ.

ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್ ನೀರಿನ ವಿಷಯ ನಿಮಗೆ ಹೊಸದಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನುಮೂಳೆ ಬಿದಿರಿನ ಗಳದಂತೆ ಸೆಟೆದು, ಬಾಗಿ, ಹಾಗೇ ನಿಂತುಬಿಡುತ್ತದೆ. ಅಂಥ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದಾಗ ಗೊತ್ತಿಲ್ಲದವರು ಎತ್ತಿ ಹಲಗೆಯ ಮೇಲೆ ನೆಟ್ಟಗೆ ಮಾಡಲು ಹೋಗುತ್ತಾರೆ. ಅಲ್ಲಿಯವರೆಗೆ ಬರೀ ಬಿರುಕು ಬಿಟ್ಟಿದ್ದ ಮೂಳೆ ಪೂರ್ತಿ ಮುರಿದು, ಒಳಗಿನ ನರದ ಹುರಿಗೆ ಪೆಟ್ಟಾಗಬಹುದು. ಬಾಗಿದವರನ್ನು ಬಾಗಿದಂತೆಯೇ ಒಯ್ಯಬೇಕು. ತಲೆಯ ಕೆಳಗೆ, ಮೊಣಕಾಲ ಕೆಳಗೆ ಮಡಚಿದ ಕೌದಿ ತುರುಕಿ, ಅವರ ದೇಹ ಇದ್ದ ಹಾಗೆ ಆನಿಸಬೇಕು. ಈ ಕೆಲಸಕ್ಕೆಂದೇ ಗಾಳಿ ಎಳೆದರೆ ದೇಹದ ಆಕಾರಕ್ಕೆ ಗಟ್ಟಿಯಾಗುವ ವ್ಯಾಕ್ಯೂಮ್ ಹಾಸಿಗೆ ಬರುತ್ತದೆ. ನಮ್ಮಲ್ಲಿದ್ದದ್ದು ಹರಿದು ಎರಡು ಮಳೆಗಾಲವಾಯಿತು, ಈಗ ಕೌದಿಯೇ ಗತಿ.

ಇನ್ನೊಂದು ಸಂಗತಿ ಹಾಸಿಗೆ ಹಿಡಿದವರು ಮನೆಯಲ್ಲಿದ್ದವರಿಗೆಲ್ಲ ಗೊತ್ತಿರಲಿ, ದೇಣಿಗೆ ಕೊಡದಿದ್ದರೂ ಇದನ್ನಂತೂ ಓದಿ. ರೈಸ್‌ಮಿಲ್ಲಿನಲ್ಲಿ ಚೀಲದ ಲಾಟಿನ ಮೇಲಿಂದ ಬಿದ್ದ ಹಮಾಲರು, ಬೇವಿನ ಮರದಿಂದ ಬಿದ್ದ ಕುರಿಗಾಹಿಗಳು, ಹೀಗೆ ಬೆನ್ನುಹುರಿಗೆ ಪೆಟ್ಟಾದವರು ನಮ್ಮ ಪಟ್ಟಿಯಲ್ಲಿ ಬಹಳ. ಪೆಟ್ಟು ಬೆನ್ನುಮೂಳೆಯಲ್ಲಿ ಎದೆಮಟ್ಟದ ಆರನೇ ಮಣಿಯ ಹತ್ತಿರ ಅಥವಾ ಅದಕ್ಕಿಂತ ಮೇಲಿದ್ದರೆ, ಮೂತ್ರದ ಪೈಪು ಮಡಚಿಕೊಂಡು ಮೂತ್ರ ಕಟ್ಟಿದರೂ ಸಾಕು, ಬಿಪಿ ಹಠಾತ್ತನೆ ಏರಿಬಿಡುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ, ಹಾಗೇ ಬಿಟ್ಟರೆ ಮಿದುಳಲ್ಲಿ ರಕ್ತಸ್ರಾವ ಆಗುವ ಭಯವೂ ಉಂಟು. ಆಗ ಎಲ್ಲರೂ ಮಾಡುವುದು ಒಂದೇ, ಗಾಬರಿಯಿಂದ ಅಂಗಾತ ಮಲಗಿಸುವುದು. ಅದರಿಂದ ಬಿಪಿ ಇನ್ನೂ ಏರುತ್ತದೆ. ಕೂಡಲೇ ಎಬ್ಬಿಸಿ ಕೂರಿಸಬೇಕು, ಉಡುಪು ಸಡಿಲಿಸಬೇಕು, ಪೈಪು ಎಲ್ಲಿ ಮಡಚಿದೆ ನೋಡಿ ಬಿಡಿಸಬೇಕು, ಯೂರಿನ್ ಬ್ಯಾಗ್ ತುಂಬಿದ್ದರೆ ಖಾಲಿ ಮಾಡಬೇಕು. ಆಮೇಲೆ ಆಸ್ಪತ್ರೆ. ನಮ್ಮ ನರ್ಸಮ್ಮ ಗಾಡಿ ಹತ್ತಿದ ತಕ್ಷಣ ಬಿಪಿ ಪಟ್ಟಿಗಿಂತ ಮೊದಲು ಪೈಪಿಗೆ ಕೈ ಹಾಕುವುದು ಇದಕ್ಕೇ.

ಸ್ಪರ್ಶ ಗೊತ್ತಾಗದವರನ್ನು ಗಟ್ಟಿ ಹಲಗೆಯ ಮೇಲೆ ಬಳ್ಳಾರಿಗೋ ಹುಬ್ಬಳ್ಳಿಗೋ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ದರೆ, ಇಳಿಸುವ ಹೊತ್ತಿಗೆ ಸೊಂಟದ ಚರ್ಮ ಕೆಂಪಾಗಿರುತ್ತದೆ. ಆ ಕೆಂಪೇ ವಾರದಲ್ಲಿ ಹುಣ್ಣು, ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ. ಬಂದ ಕಾಯಿಲೆ ಹೋದರೂ ಹುಣ್ಣು ಉಳಿಯುತ್ತದೆ. ಇನ್ನು ಆಕ್ಸಿಜನ್ ಲೆಕ್ಕ. ನಮ್ಮಲ್ಲಿರುವುದು ಬಿ ಟೈಪ್ ಸಿಲಿಂಡರ್, ತುಂಬಿದರೆ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾದವರಿಗೆ ಎರಡೂವರೆ ತಾಸು ಬಂತು. ಕುಷ್ಟಗಿಯಿಂದ ಹುಬ್ಬಳ್ಳಿಗೆ ದಾರಿ ಸರಿಯಿದ್ದರೆ ಅಷ್ಟೇ ಹೊತ್ತು, ದಾರಿ ಯಾವಾಗ ಸರಿಯಿರುತ್ತದೆ ಎಂಬುದು ನಿಮಗೇ ಗೊತ್ತು. ಹೊಸ ಗಾಡಿಯಲ್ಲಿ 7,000 ಲೀಟರಿನ ದೊಡ್ಡ ಸಿಲಿಂಡರ್ ಕೂರಿಸುವ ಯೋಜನೆ ಇದೆ. ದಢೂತಿ ದೇಹದವರಿಗೆ ಅಗಲದ, ಭಾರ ತಡೆಯುವ ಸ್ಟ್ರೆಚರೂ ಬೇಕು. ಇವರ ಕಷ್ಟ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಓಣಿಯ ಜನ ನೋಡುತ್ತ ನಿಂತಾಗ ನಾಲ್ಕಾರು ಮಂದಿ ಚಾದರದಲ್ಲಿ ಎತ್ತಿ ಇಳಿಸುವುದಿದೆಯಲ್ಲ, ಅದಕ್ಕೆ ಹೆದರಿ ಆಸ್ಪತ್ರೆಗೇ ಬರುವುದಿಲ್ಲ ಎನ್ನುವವರಿದ್ದಾರೆ.

ಈ ಕೆಲಸ ಹೇಗೆ ಶುರುವಾಯಿತು ಎಂಬುದನ್ನು ಹಿರಿಯರಿಗೆ ನಾವು ಹೇಳಬೇಕಾಗಿಲ್ಲ. ಮಠದ ಹಿಂದಿನ ಸ್ವಾಮಿಗಳಾದ ಲಿಂಗೈಕ್ಯ ದೊಡ್ಡಪ್ಪಗಳ ಕಾಲದಲ್ಲಿ ಪೋಲಿಯೊ ಆದ ಮಕ್ಕಳಿಗೆ ಮಠದ ಅಂಗಳದಲ್ಲಿ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್‌ಗೆ ಅಳತೆ ತೆಗೆಯುತ್ತಿದ್ದರು. ಅಂದು ಅಳತೆ ಕೊಟ್ಟ ಮಕ್ಕಳಲ್ಲಿ ಇಬ್ಬರು ಇಂದು ನಮ್ಮ ಟ್ರಸ್ಟಿನಲ್ಲೇ ಇದ್ದಾರೆ. 2014ರಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾದ ದಿನ ಮಠದಲ್ಲಿ ಹುಗ್ಗಿ ದಾಸೋಹ ನಡೆದದ್ದು ಉಂಡವರಿಗೆ ನೆನಪಿದೆ. ಅದಕ್ಕೂ ಹಿಂದೆ, 2009ರಲ್ಲಿ ದಸರೆ ಮುಗಿದ ವಾರ ಬಂದ ಮಹಾಮಳೆ! ತುಂಗಭದ್ರೆ ದಂಡೆಯ ಹಳ್ಳಿಗಳಿಂದ ಲಕ್ವ ಹೊಡೆದವರನ್ನು, ಎದ್ದು ಕೂರಲಾಗದ ಮುದುಕಿಯರನ್ನು ನಮ್ಮ ಹುಡುಗರು ಹೊರಸಿನ ಸಮೇತ ಟ್ರ್ಯಾಕ್ಟರ್ ಟ್ರೇಲರಿಗೆ ಏರಿಸಿ ತಂದರು. ಹೊರಸು ಕುಲುಕದಿರಲಿ ಎಂದು ಕೆಳಗೆ ಭತ್ತದ ಹುಲ್ಲು ಹಾಸಿದ್ದು. ಆ ಟ್ರೇಲರ್ ನೋಡಿಯೇ ಅಪ್ಪಗಳು “ಇವರಿಗೊಂದು ಗಾಡಿ ಆಗಬೇಕು” ಅಂದದ್ದು, ಮರುವರ್ಷ ಭಕ್ತರು ಭತ್ತದ ಚೀಲ ಕೊಟ್ಟು ಈಗಿನ ವ್ಯಾನು ಕೊಳ್ಳುವ ಹಾಗೆ ಮಾಡಿದ್ದು. ಕೊರೊನಾ ಎರಡನೇ ಅಲೆಯಲ್ಲಿ ಅದೇ ವ್ಯಾನು ಹಗಲೂ ರಾತ್ರಿ ಓಡಿತು. ಯಾರ ಹತ್ತಿರವೂ ಡೀಸೆಲ್ ದುಡ್ಡು ಕೇಳಲಿಲ್ಲ, ಇಂದಿಗೂ ಕೇಳುವುದಿಲ್ಲ. ಜಾತಿ ಕೇಳಿದ ದಿನವಂತೂ ಇಲ್ಲವೇ ಇಲ್ಲ.

ಹೇಳುತ್ತ ಹೋದರೆ ಮುಗಿಯುವುದಿಲ್ಲ, ಕೇಳಬೇಕಾದದ್ದನ್ನು ಕೇಳಿಬಿಡುತ್ತೇವೆ. ಗಾಡಿ, ಅದರ ಬಾಡಿ ಕೆಲಸ ಸೇರಿ ಇಪ್ಪತ್ತಮೂರು ಇಪ್ಪತ್ನಾಲ್ಕು ಲಕ್ಷ. ಗಾಲಿಕುರ್ಚಿ ಸಮೇತ ಒಳಗೆ ಏರಿಸುವ ಲಿಫ್ಟಿಗೆ ಎರಡು ಮೂರು ಲಕ್ಷ. ವೆಂಟಿಲೇಟರ್, ಬ್ಯಾಟರಿಯಲ್ಲೂ ನಡೆಯುವ ಸಕ್ಷನ್ ಮಷಿನ್, ಹಾಸಿಗೆ, ಸ್ಟ್ರೆಚರ್ ಎಲ್ಲ ಸೇರಿ ಮತ್ತೆ ಏಳೆಂಟು ಲಕ್ಷ ಹಿಡಿಯಿರಿ. ಒಟ್ಟು ಮೂವತ್ತೈದರ ಹತ್ತಿರ ಹೋಗುತ್ತದೆ. ಹೆಸರು ಹೇಳಬಾರದೆಂದು ಕಟ್ಟಪ್ಪಣೆ ಮಾಡಿರುವ ಗಂಗಾವತಿಯ ಭಕ್ತರೊಬ್ಬರು ಅರ್ಧ ಕೊಡುತ್ತೇನೆ ಎಂದಿದ್ದಾರೆ, ಉಳಿದರ್ಧ ಯುಗಾದಿಯೊಳಗೆ ನಾವು ಕೂಡಿಸಿದರೆ ಮಾತ್ರ. ಅವರು ವ್ಯಾಪಾರಸ್ಥರು, ಮಾತೆಂದರೆ ಮಾತು. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಆ ಉಳಿದರ್ಧದ ಕಾಲು ಭಾಗವೂ ಅಲ್ಲ.

ಗಾಡಿಯ ಮೇಲೆ ಹೆಸರು ಬರೆಸಬಹುದೇ ಎಂದು ಕೆಲವರು ಕೇಳಿದ್ದಾರೆ. ಗಾಡಿಯ ಹೊರಮೈ ಮೇಲೆ ಆಂಬ್ಯುಲೆನ್ಸ್ ಎಂದು ದೂರದಿಂದ ಕಾಣಬೇಕು, ಅಲ್ಲಿ ಜಾಗವಿಲ್ಲ. ಮಠದ ಕಚೇರಿಯ ಗೋಡೆಯ ಫಲಕದಲ್ಲಿ ಬರೆಸುತ್ತೇವೆ, ನೂರು ಕೊಟ್ಟವರ ಹೆಸರೂ ಲಕ್ಷ ಕೊಟ್ಟವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ. ಹುಟ್ಟುಹಬ್ಬಕ್ಕೆ ಗಾಲಿಕುರ್ಚಿ ತಂದುಕೊಡುವ ದಾನಿಗಳಲ್ಲೂ ಒಂದು ವಿನಂತಿ: ದಯವಿಟ್ಟು ಈ ವರ್ಷ ಬೇಡ. ಎಲ್ಲ ಒಂದೇ ಅಳತೆಯವು, ಮಕ್ಕಳಿಗೆ ದೊಡ್ಡವು, ದಪ್ಪಗಿದ್ದವರಿಗೆ ಸಣ್ಣವು, ಉಗ್ರಾಣ ತುಂಬಿದೆ. ಆ ದುಡ್ಡನ್ನೇ ಗಾಡಿಗೆ ಕೊಡಿ. ಭತ್ತದ ಸುಗ್ಗಿ ಮುಗಿಸಿದ ರೈತರು ಮೊದಲಿನಂತೆ ಚೀಲದ ಲೆಕ್ಕದಲ್ಲಿ ಕೊಟ್ಟರೂ ಸರಿ, ಮಿಲ್ಲಿನವರು ಅಂದಿನ ಧಾರಣೆಗೆ ಕೊಳ್ಳಲು ಒಪ್ಪಿದ್ದಾರೆ.

ದೇಣಿಗೆಯನ್ನು ಮಠದ ಕಚೇರಿಯಲ್ಲಿ ಮುಂಜಾನೆ ಪೂಜೆ ಮುಗಿದ ಮೇಲೆ ಸಂಜೆಯವರೆಗೆ ತೆಗೆದುಕೊಳ್ಳುತ್ತೇವೆ. ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ, ನಮ್ಮ ಟ್ರಸ್ಟಿಗಳೇ ಮನೆಗೆ ಬಂದರೂ. ಹಳೆಯ ತೆರಿಗೆ ಪದ್ಧತಿಯಲ್ಲಿ ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬೇಕಿದ್ದವರು ಪ್ಯಾನ್ ನಂಬರ್ ಬರೆದುಕೊಡಿ. 2,000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿ ಸಿಗದು, ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಕೊಡಬೇಕು. ಬಾಡಿ ಕಟ್ಟುವವರು ಮುಂಗಡ ಕೊಟ್ಟ ಮೇಲೆ ಒಂದೂವರೆ ತಿಂಗಳು ಕೇಳುತ್ತಾರೆ, ಆದ್ದರಿಂದ ಕೊಡುವ ಮನಸ್ಸಿದ್ದವರು ಶಿವರಾತ್ರಿಯೊಳಗೆ ಕೊಟ್ಟರೆ ಮುಂಗಡದ ಚೆಕ್ಕು ಬರೆಯಲು ಅನುಕೂಲ.

ಶರಣಾರ್ಥಿಗಳೊಂದಿಗೆ,
ಶ್ರೀಮಠದ ಸೇವಾ ಟ್ರಸ್ಟಿನ ಎಲ್ಲ ಟ್ರಸ್ಟಿಗಳ ಪರವಾಗಿ ಕಾರ್ಯದರ್ಶಿ