ಸೀತಾಳೆ ಹುಡುಕಿ ಹೊರಟವಳಿಗೆ

ನೀರ್ಚಾಲು
ಜೂನ್ 2

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ರಾಣಿಪುರಂ ನೋಡಿ, ಪಾಣತ್ತೂರಿನ ಮೇಲಾಗಿ ಭಾಗಮಂಡಲಕ್ಕೆ ಸೀತಾಳೆ, ಅಂದರೆ ಆರ್ಕಿಡ್ ಹೂ, ಹುಡುಕಿಕೊಂಡು ಹೋಗುತ್ತೀಯೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ಸಂತೋಷವಾಯಿತು. ಆದರೆ ಕಂಡದ್ದನ್ನು ಕಿತ್ತು ತರಬೇಡ ಮಗಳೇ.

ನಿನ್ನ ಪ್ರಾಯದಲ್ಲಿ ನಾನು ತಂದಿದ್ದೆ. ಹೆಬ್ಬಲಸಿನ ಕೊಂಬೆಯಿಂದ ಇಳಿಬಿದ್ದ ಸೀತಾಳೆದಂಡೆ, ಬಿಳಿಯ ಮೇಲೆ ನೇರಳೆ ಚುಕ್ಕೆ. ಅಂಗಳದ ಮಾವಿನ ಮರಕ್ಕೆ ತೆಂಗಿನ ನಾರಿನಲ್ಲಿ ಕಟ್ಟಿದೆ. ಮರುವರ್ಷ ಹೂ ಬಿಡಲಿಲ್ಲ, ಅದರ ಮರುವರ್ಷ ಎಲೆಯೂ ಉಳಿಯಲಿಲ್ಲ. ಬಂದಣಿಕೆಯ ಹಾಗೆ ಮರದ ರಸ ಕುಡಿಯುವ ಗಿಡವಲ್ಲ ಅದು. ಬೇರಿನ ಮೇಲಿನ ಬಿಳಿ ಹೊದಿಕೆಯೇ ಮಳೆನೀರು ಹೀರಿ ಗಿಡಕ್ಕೆ ಕೊಡುವುದು. ತೊಗಟೆಯಿಂದ ಎಬ್ಬಿಸುವಾಗ ನಾನು ಹರಿದದ್ದು ಅದನ್ನೇ. ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ ಇರುತ್ತದೆ, ಹುಡಿಯಷ್ಟು ಸಣ್ಣದು. ಮೊಳಕೆಗೆ ಬೇಕಾದ ಬುತ್ತಿ ಅದರೊಳಗಿಲ್ಲ. ಬಿದ್ದಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿದರೆ ಮಾತ್ರ ಬದುಕುತ್ತದೆ. ಹಾಗೆ ಬದುಕಿ, ವರ್ಷಗಟ್ಟಲೆ ಬೆಳೆದು ಹೂ ಬಿಟ್ಟ ಗಿಡವನ್ನು ನಾನು ಅರ್ಧ ಗಳಿಗೆಯಲ್ಲಿ ಕಿತ್ತಿದ್ದೆ.

ನಮ್ಮ ತೋಟದ ವೆನಿಲ್ಲಾ ಬಳ್ಳಿ ನೆನಪಿದೆಯಲ್ಲ? ಅದೂ ಸೀತಾಳೆಯ ಕುಟುಂಬದ್ದೇ. ಮೆಕ್ಸಿಕೋದ ಕಡೆಯ ಗಿಡ, ಅಲ್ಲಿಯ ಜೇನ್ನೊಣ ಇಲ್ಲಿಲ್ಲ. ಹಾಗಾಗಿ ನಿನ್ನಮ್ಮನೂ ನಾನೂ ಬೆಳಗ್ಗೆ ಎದ್ದವರೇ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಪರಾಗ ಮುಟ್ಟಿಸುತ್ತಿದ್ದೆವು, ಮಧ್ಯಾಹ್ನವಾದರೆ ಹೂವೇ ಬಾಡುತ್ತಿತ್ತು. ಊರು ಬಿಡಿಸಿದ ಗಿಡ ಎಷ್ಟು ಚಾಕರಿ ಕೇಳುತ್ತದೆಂದು ನನಗೆ ತಿಳಿದದ್ದು ಆಗ.

ಬರೀ ಮರದ ಮೇಲೆ ಕಣ್ಣಿಟ್ಟು ನಡೆಯಬೇಡ. ಮಳೆ ಹಿಡಿದ ಮೇಲೆ ನಮ್ಮ ಮುರಕಲ್ಲಿನ ಪದವುಗಳ ಹುಲ್ಲಿನಲ್ಲೂ ಹಾಬೆನೇರಿಯ ಎಂಬ ನೆಲದ ಸೀತಾಳೆ ಗೆಡ್ಡೆಯಿಂದ ಎದ್ದು ಬರುತ್ತದೆ. ಬಿಳಿ ಹೂವಿನ ಹಿಂದೆ ನೂಲಿನಂಥ ಕೊಳವೆ, ಅದರ ತಳದ ಜೇನಿಗೆ ಪತಂಗಗಳು ಕತ್ತಲಾಗುವಾಗ ಬರುತ್ತವೆ. ಕಾಲಿಡುವ ಮೊದಲು ನೋಡಿ ಇಡು.

ಅಪರೂಪದ್ದು ಸಿಕ್ಕಿದರೆ ಫೋಟೋ ತೆಗೆ. ಹಾಕುವಾಗ ಮಾತ್ರ ಜಾಗದ ಹೆಸರು ಬೇಡ, ಫೋನಿನ ಲೊಕೇಶನ್ ಆಫ್ ಇರಲಿ. ಕಿತ್ತು ಮಾರುವವರಿಗೆ ಅಷ್ಟು ಗುರುತು ಸಾಕು. ಗಾಳಿಗೆ ಮುರಿದ ಕೊಂಬೆಯಲ್ಲಿ ಗಿಡ ಕಂಡರೆ ಅರಣ್ಯ ಇಲಾಖೆಯ ವಾಚರನನ್ನು ಕೇಳಿ, ಕೊಂಬೆ ಸಮೇತ ಅಲ್ಲೇ ಹತ್ತಿರದ ಮರದ ಕವಲಿಗೆ ಕಟ್ಟು. ಒಂದಿಷ್ಟು ತೆಂಗಿನ ಹಗ್ಗ ಚೀಲದಲ್ಲಿರಲಿ.

ಮಳೆ ಜೋರಾದರೆ ರಾಣಿಪುರಂ ಗುಡ್ಡ ಏರಲು ಬಿಡದಿರುವುದುಂಟು, ಮೊದಲೇ ವಿಚಾರಿಸಿಕೊಂಡು ಹೋಗು. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಮರೆಯಬೇಡ.

ನಿನ್ನ ಮಾವ